ಮೊದಲು ರಕ್ತ, ಆಮೇಲೆ ಆಕಾರ: ಮೂಳೆ ಮತ್ತು ಚರ್ಮವನ್ನು ದೇಹದೊಳಗೇ ಸಿದ್ಧ ಮಾಡಿಕೊಳ್ಳುವ ಶಸ್ತ್ರಚಿಕಿತ್ಸೆ

ಕ್ಯಾನ್ಸರ್ ಗಡ್ಡೆ ತೆಗೆಯುವಾಗ ಒಬ್ಬರ ಕೆಳದವಡೆಯ ಅರ್ಧ ಭಾಗವನ್ನೂ ತೆಗೆಯಬೇಕಾಯಿತು ಎಂದುಕೊಳ್ಳಿ. ಆ ಜಾಗ ತುಂಬಲು ಏನೇನು ಬೇಕು? ಬಾಗಿದ, ಗಟ್ಟಿಯಾದ ಮೂಳೆ ಬೇಕು. ಹೊರಗಡೆ ಮುಖದ ಬಣ್ಣಕ್ಕೆ ಹೊಂದುವ ಚರ್ಮ ಬೇಕು. ಬಾಯಿಯ ಒಳಗಡೆ ಮೂಳೆಗೆ ಬಿಗಿಯಾಗಿ ಅಂಟಿಕೊಂಡ ತೆಳ್ಳಗಿನ ಪದರ ಬೇಕು. ಹಲ್ಲು ಕೂರಿಸಲು ಜಾಗ ಬೇಕು. ಆ ಹಲ್ಲು ಮೇಲಿನ ಸಾಲಿಗೆ ಸರಿಯಾಗಿ ಕೂಡಬೇಕು, ಇಲ್ಲದಿದ್ದರೆ ಅಗಿಯಲು ಆಗುವುದಿಲ್ಲ. ಇಷ್ಟೂ ಒಟ್ಟಿಗೆ ಇರುವ ಇನ್ನೊಂದು ತುಂಡು ನಮ್ಮ ದೇಹದಲ್ಲಿ ಎಲ್ಲೂ ಇಲ್ಲ.

ಮೂಗಿನದೂ ಅದೇ ಕತೆ. ಹೊರಗೆ ಚರ್ಮ, ನಡುವೆ ಕಾರ್ಟಿಲೆಜ್ ಎಂಬ ಮೆದು ಮೂಳೆ, ಒಳಗೆ ಒದ್ದೆ ಪದರ. ಕಿವಿ, ಶ್ವಾಸನಾಳ, ಅಂಗುಳ, ಇವುಗಳಿಗೂ ದೇಹದಲ್ಲಿ ಬದಲಿ ಇಲ್ಲ.

ಇಲ್ಲದಿದ್ದರೆ ಮಾಡಿಕೊಳ್ಳೋಣ ಎಂದು ಸರ್ಜನ್‌ಗಳು ಹೊರಟರು. ಅದರಲ್ಲಿ ಕಷ್ಟ ಆಕಾರದ್ದು ಎಂದು ನಮಗೆ ಅನ್ನಿಸುತ್ತದೆ. ಆದರೆ ಆಕಾರ ಅಷ್ಟು ಕಷ್ಟವಲ್ಲ. ಸ್ಕ್ಯಾನ್ ನೋಡಿ ಕಂಪ್ಯೂಟರಿನಲ್ಲಿ ದವಡೆಯನ್ನು ರೂಪಿಸಬಹುದು, ಟೈಟಾನಿಯಂ ಜಾಲರಿಯಲ್ಲಿ ತದ್ರೂಪ ಮಾಡಿಸಬಹುದು. ನಿಜವಾದ ಕಷ್ಟ ಇರುವುದು ರಕ್ತದಲ್ಲಿ. ಮಾಡಿದ ತುಂಡಿಗೆ ರಕ್ತ ಹೇಗೆ ಹೋಗಬೇಕು? ಈ ಪ್ರಶ್ನೆಗೆ ಉತ್ತರ ಸಿಗದೆ ಉಳಿದದ್ದೆಲ್ಲ ವ್ಯರ್ಥ. ಈ ವಿಷಯವನ್ನು ಎಷ್ಟು ಓದಿದರೂ ನಾನು ಬಂದು ನಿಲ್ಲುವುದು ಇಲ್ಲಿಗೇ.

ರಕ್ತವಿಲ್ಲದ ತುಂಡು ಎಷ್ಟು ಹೊತ್ತು ಬದುಕುತ್ತದೆ?

ನಮ್ಮ ದೇಹದ ಬಹುತೇಕ ಜೀವಕೋಶಗಳು ಯಾವುದಾದರೂ ಸೂಕ್ಷ್ಮ ರಕ್ತನಾಳದಿಂದ 0.1ರಿಂದ 0.2 ಮಿಲಿಮೀಟರ್ ಒಳಗೇ ಇರುತ್ತವೆ. ಆಕ್ಸಿಜನ್ ಅಷ್ಟು ದೂರ ಮಾತ್ರ ಒಸರಿಕೊಂಡು ಹೋಗಬಲ್ಲದು. ಅದಕ್ಕಿಂತ ದಪ್ಪನೆಯ ತುಂಡನ್ನು ರಕ್ತನಾಳವಿಲ್ಲದೆ ಎಲ್ಲಾದರೂ ಇಟ್ಟರೆ ಅದರ ನಡುವಿನ ಭಾಗ ಉಸಿರುಗಟ್ಟಿ ಸಾಯುತ್ತದೆ.

ಹಾಗಾದರೆ ಸುಟ್ಟ ಗಾಯಕ್ಕೆ ತೊಡೆಯ ಚರ್ಮ ತೆಗೆದು ಹಾಕುತ್ತಾರಲ್ಲ, ಅದು ಹೇಗೆ ಉಳಿಯುತ್ತದೆ? ಅದು ತುಂಬ ತೆಳ್ಳಗಿರುವುದರಿಂದ ಉಳಿಯುತ್ತದೆ. ಅದನ್ನು ಗ್ರಾಫ್ಟ್ ಅನ್ನುತ್ತಾರೆ. ಅದಕ್ಕೆ ಸ್ವಂತ ರಕ್ತನಾಳ ಇರುವುದಿಲ್ಲ. ಮೊದಲ ಒಂದೆರಡು ದಿನ ಅದು ಗಾಯದ ತಳದಲ್ಲಿ ಜಿನುಗುವ ದ್ರವವನ್ನು ಹೀರಿಕೊಂಡು ಜೀವ ಹಿಡಿದಿರುತ್ತದೆ. ಆಮೇಲೆ ತಳದ ಸೂಕ್ಷ್ಮ ನಾಳಗಳ ತುದಿಗೂ ಚರ್ಮದೊಳಗಿನ ಹಳೆಯ ನಾಳಗಳ ತುದಿಗೂ ಕೂಡಿಕೆಯಾಗುತ್ತದೆ. ವಾರ ಕಳೆಯುವ ಹೊತ್ತಿಗೆ ಹೊಸ ನಾಳಗಳು ಒಳಗೆ ಬೆಳೆದು ರಕ್ತ ಹರಿಯತೊಡಗುತ್ತದೆ. ಆ ದಿನಗಳಲ್ಲಿ ಚರ್ಮ ಒಂದಿಷ್ಟು ಜಾರಿದರೂ, ಕೆಳಗೆ ರಕ್ತ ಕಟ್ಟಿಕೊಂಡರೂ ಕೆಲಸ ಕೆಟ್ಟಿತು. ಬ್ಯಾಂಡೇಜ್ ಅಷ್ಟು ಬಿಗಿಯಾಗಿ ಕಟ್ಟುವುದು ಅದಕ್ಕೇ.

ಇನ್ನೊಂದು ಮಾತು: ಗ್ರಾಫ್ಟ್ ಬದುಕುವುದು ತಳ ಚೆನ್ನಾಗಿದ್ದರೆ ಮಾತ್ರ. ಬರಿ ಮೂಳೆಯ ಮೇಲೆ, ಲೋಹದ ಪ್ಲೇಟಿನ ಮೇಲೆ, ರೇಡಿಯೇಷನ್ ತಗುಲಿದ ಜಾಗದಲ್ಲಿ ಹಾಕಿದರೆ ಹಿಡಿಯುವುದು ಕಷ್ಟ.

ಮೂಳೆಯ ತುಂಡಿಗೂ ಇದೇ ನಿಯಮ, ಆದರೆ ಸಮಯ ಇನ್ನೂ ಜಾಸ್ತಿ. ಸೊಂಟದ ಮೂಳೆಯಿಂದ ಒಂದು ತುಂಡು ತೆಗೆದು ಬೇರೆ ಕಡೆ ಇಟ್ಟರೆ ಅದರೊಳಗಿನ ಬಹುಪಾಲು ಕೋಶಗಳು ಸಾಯುತ್ತವೆ. ಅಕ್ಕಪಕ್ಕದ ಜೀವಂತ ಮೂಳೆ ಮೆಲ್ಲಗೆ ತೆವಳಿಕೊಂಡು ಬಂದು, ಸತ್ತದ್ದನ್ನು ಕರಗಿಸಿ, ಆ ಜಾಗದಲ್ಲಿ ಹೊಸದನ್ನು ಕಟ್ಟುತ್ತದೆ. ತಿಂಗಳುಗಟ್ಟಲೆ ನಡೆಯುವ ಕೆಲಸ ಅದು. ಅಂತರ ಸುಮಾರು 6 ಸೆಂಟಿಮೀಟರಿಗಿಂತ ಹೆಚ್ಚಿದ್ದರೆ ಇದನ್ನು ನಂಬಿಕೊಳ್ಳುವುದು ಬೇಡ ಎಂಬುದು ಸರ್ಜನ್‌ಗಳು ಸಾಮಾನ್ಯವಾಗಿ ಪಾಲಿಸುವ ಲೆಕ್ಕ. ರೇಡಿಯೇಷನ್ ಪಡೆದ ದವಡೆಯಾದರೆ ಚಿಕ್ಕ ತುಂಡೂ ಕರಗಿಹೋಗಬಹುದು. ರೇಡಿಯೇಷನ್ ಕ್ಯಾನ್ಸರನ್ನು ಸುಡುವ ಜೊತೆಗೆ ಆ ಜಾಗದ ಸಣ್ಣ ರಕ್ತನಾಳಗಳನ್ನೂ ವರ್ಷಗಳ ಕಾಲ ಕುಗ್ಗಿಸುತ್ತಾ ಹೋಗುತ್ತದೆ.

ರಕ್ತದ ಸಮೇತ ಎತ್ತುವುದು

ಇದಕ್ಕೆ ಪರಿಹಾರ ಫ್ಲ್ಯಾಪ್. ಅಂದರೆ ತುಂಡನ್ನು ಅದರ ರಕ್ತನಾಳದ ಸಮೇತ ಎತ್ತುವುದು. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಹೆರಾಲ್ಡ್ ಗಿಲೀಸ್ ಮುಖ ಸುಟ್ಟುಹೋದ ಸೈನಿಕರಿಗೆ, ನಾವಿಕರಿಗೆ ಇದನ್ನು ಮಾಡುತ್ತಿದ್ದರು. 1917ರಲ್ಲಿ ಅವರು ಚರ್ಮದ ಪಟ್ಟಿಯನ್ನು ಕೊಳವೆಯಂತೆ ಸುತ್ತಿ ಹೊಲಿದರು. ಅದರ ಒಂದು ತುದಿ ಹಳೆಯ ಜಾಗದಲ್ಲೇ ಇದ್ದು ರಕ್ತ ಪಡೆಯುತ್ತಿತ್ತು, ಇನ್ನೊಂದು ತುದಿ ಮುಖಕ್ಕೆ ಅಂಟಿಕೊಳ್ಳುತ್ತಿತ್ತು. ಅಂಟಿದ ಮೇಲೆ ಹಳೆಯ ತುದಿಯನ್ನು ಕತ್ತರಿಸುವುದು. ಒಂದು ಆಪರೇಷನ್ನಿಗೂ ಮುಂದಿನದಕ್ಕೂ ನಡುವೆ ವಾರಗಟ್ಟಲೆ ಕಾಯಬೇಕಿತ್ತು. ಮುಂದೆ ಬಂದ ಕೆಲವು ವಿಧಾನಗಳಿಗೂ ಈ ಕಾಯುವಿಕೆ ತಪ್ಪಲಿಲ್ಲ ಎಂಬುದನ್ನು ಗಮನದಲ್ಲಿಟ್ಟುಕೊಳ್ಳಿ.

ಆಮೇಲೆ ಮೈಕ್ರೋಸ್ಕೋಪ್ ಆಪರೇಷನ್ ಕೋಣೆಗೆ ಬಂತು. ಒಂದರಿಂದ ಮೂರು ಮಿಲಿಮೀಟರ್ ಅಗಲದ ರಕ್ತನಾಳಗಳನ್ನು ಕೂದಲಿಗಿಂತ ತೆಳುವಾದ ದಾರದಲ್ಲಿ ಹೊಲಿಯಲು ಸಾಧ್ಯವಾಯಿತು. 1973ರಲ್ಲಿ ಮೆಲ್ಬರ್ನಿನಲ್ಲಿ ಡೇನಿಯಲ್ ಮತ್ತು ಟೇಲರ್ ತೊಡೆಸಂದಿಯ ಚರ್ಮವನ್ನು ಪೂರ್ತಿ ಬಿಡಿಸಿ, ಕಾಲಿಗೆ ಒಯ್ದು, ಅಲ್ಲಿನ ನಾಳಗಳಿಗೆ ಜೋಡಿಸಿದ್ದನ್ನು ಪ್ರಕಟಿಸಿದರು. 1975ರಲ್ಲಿ ಟೇಲರ್ ಮತ್ತು ಜೊತೆಗಾರರು ಮೊಣಕಾಲ ಕೆಳಗಿನ ತೆಳ್ಳಗಿನ ಮೂಳೆ ಫಿಬುಲಾವನ್ನು ಹೀಗೇ ರಕ್ತನಾಳದ ಸಮೇತ ಸಾಗಿಸಿದ್ದನ್ನು ವರದಿ ಮಾಡಿದರು. 1989ರಲ್ಲಿ ಡೇವಿಡ್ ಹಿಡಾಲ್ಗೊ ಅದೇ ಫಿಬುಲಾವನ್ನು ಅಲ್ಲಲ್ಲಿ ಕತ್ತರಿಸಿ, ಬಗ್ಗಿಸಿ, ಕೆಳದವಡೆ ಮಾಡಿದರು. ಇವತ್ತಿಗೂ ದವಡೆ ಕಟ್ಟಲು ಜಗತ್ತಿನಾದ್ಯಂತ ಸರ್ಜನ್‌ಗಳ ಮೊದಲ ಆಯ್ಕೆ ಇದೇ.

ಕಾಲಿನ ಮೂಳೆ ತೆಗೆದರೆ ನಡೆಯುವುದು ಹೇಗೆ ಎಂದು ಕೇಳಬಹುದು. ದೇಹದ ಭಾರವನ್ನು ಮುಖ್ಯವಾಗಿ ಹೊರುವುದು ಪಕ್ಕದ ದಪ್ಪ ಮೂಳೆ ಟಿಬಿಯಾ. ಪಾದದ ಗಂಟು ಅಲುಗಾಡದಿರಲಿ ಎಂದು ಫಿಬುಲಾದ ಕೆಳತುದಿಯಲ್ಲಿ 6ರಿಂದ 8 ಸೆಂಟಿಮೀಟರ್ ಉಳಿಸಿ, ನಡುವಿನ ಭಾಗವನ್ನಷ್ಟೇ ತೆಗೆಯುತ್ತಾರೆ.

ಇಷ್ಟು ಒಳ್ಳೆಯ ವಿಧಾನ ಇದ್ದ ಮೇಲೆ ಇನ್ನೇನು ಬೇಕು, ಅಲ್ವಾ? ಆದರೆ ಫ್ಲ್ಯಾಪ್‌ಗೆ ಒಂದು ಮಿತಿ ಇದೆ. ದೇಹದಲ್ಲಿ ರಕ್ತನಾಳ ಎಲ್ಲಿ ಹೇಗೆ ಹೋಗಿದೆಯೋ ಹಾಗೆ ಮಾತ್ರ ಎತ್ತಬೇಕು. ನಮಗೆ ಬೇಕಾದ ಚರ್ಮ ಒಂದು ಕಡೆ, ಒಳ್ಳೆಯ ರಕ್ತನಾಳ ಇನ್ನೊಂದು ಕಡೆ. ಬೇಕಾದ ಆಕಾರ ಒಂದು, ಸಿಗುವ ಮೂಳೆ ಇನ್ನೊಂದು. ತೊಡೆಯ ಚರ್ಮ ತಂದು ಕೆನ್ನೆಗೆ ಹಾಕಿದರೆ ಗಾಯ ಮುಚ್ಚುತ್ತದೆ ನಿಜ, ಆದರೆ ದಪ್ಪಗೆ, ಬೇರೆ ಬಣ್ಣದಲ್ಲಿ, ತೇಪೆ ಹಾಕಿದಂತೆ ಕಾಣುತ್ತದೆ. ಆ ಮುಖ ಹೊತ್ತು ಬಾಳಬೇಕಾದವರಿಗೆ ಅದು ಸಣ್ಣ ಸಂಗತಿಯಲ್ಲ.

ಬೇರು ಬರಿಸಿ ಕತ್ತರಿಸುವುದು

ತೋಟದಲ್ಲಿ ಗೂಟಿ ಕಟ್ಟುವುದನ್ನು ನೋಡಿರುತ್ತೀರಿ. ದಾಳಿಂಬೆಯದೋ ಸೀಬೆಯದೋ ಕೊಂಬೆಯನ್ನು ಸುಮ್ನೆ ಕತ್ತರಿಸಿ ನೆಟ್ಟರೆ ಬಾಡಬಹುದು. ಅದಕ್ಕೆ ಕೊಂಬೆ ಮರದಲ್ಲಿರುವಾಗಲೇ ಒಂದು ಕಡೆ ತೊಗಟೆ ಸುಲಿದು, ಒದ್ದೆ ಪಾಚಿ ಕಟ್ಟಿ, ಬೇರು ಬಿಡುವ ತನಕ ಕಾಯುತ್ತಾರೆ. ಬೇರು ಬಂದ ಮೇಲೆ ಕತ್ತರಿಸುತ್ತಾರೆ. ಪ್ರಿಫ್ಯಾಬ್ರಿಕೇಶನ್ ಎಂಬ ಶಸ್ತ್ರಚಿಕಿತ್ಸೆಯ ಯೋಚನೆಯೂ ಇದೇ. ತುಂಡು ಇನ್ನೂ ಹಳೆಯ ಜಾಗದಲ್ಲಿ ಕ್ಷೇಮವಾಗಿರುವಾಗಲೇ ಅದಕ್ಕೆ ಹೊಸ ರಕ್ತದ ದಾರಿ ಮಾಡಿಕೊಡುವುದು. ಆ ದಾರಿ ಗಟ್ಟಿಯಾದ ಮೇಲೆ ಎತ್ತುವುದು.

1971ರಲ್ಲಿ ಕೊಲಂಬಿಯಾದ ಮಿಗೆಲ್ ಓರ್ಟಿಕೋಚಿಯಾ ಈ ದಾರಿ ಹಿಡಿದು ಮೂಗು ಕಟ್ಟಲು ಹೊರಟರು. 1976ರಲ್ಲಿ ಟರ್ಕಿಯ ಓನುರ್ ಎರೋಲ್, ರಕ್ತನಾಳವಿಲ್ಲದ ಚರ್ಮದ ಗ್ರಾಫ್ಟನ್ನು ಒಂದು ರಕ್ತನಾಳದ ಮೇಲೆ ಕೂರಿಸಿ ಕಾದರೆ ಅದು ಆ ನಾಳವನ್ನೇ ನಂಬಿ ಬದುಕುವ ಫ್ಲ್ಯಾಪ್ ಆಗುತ್ತದೆ ಎಂದು ತೋರಿಸಿದರು. ಆಮೇಲಿನ ಎರಡು ದಶಕಗಳಲ್ಲಿ ಇದಕ್ಕೆ ಕ್ರಮಬದ್ಧ ನಿಯಮಗಳು ರೂಪುಗೊಂಡವು.

ಇಲ್ಲಿ ಎರಡು ಕೆಲಸಗಳನ್ನು ಜನ ಬೆರೆಸಿಬಿಡುತ್ತಾರೆ. ಒಂದು, ಒಳ್ಳೆಯ ರಕ್ತನಾಳ ಇಲ್ಲದ ಜಾಗಕ್ಕೆ ಹೊರಗಿನಿಂದ ನಾಳ ತಂದು ಹೂಳುವುದು. ಇದು ಪ್ರಿಫ್ಯಾಬ್ರಿಕೇಶನ್. ಇನ್ನೊಂದು, ರಕ್ತ ಚೆನ್ನಾಗಿರುವ ಜಾಗವನ್ನೇ ಆರಿಸಿಕೊಂಡು, ಅಲ್ಲಿ ಕಾರ್ಟಿಲೆಜ್, ಚರ್ಮ, ಬಾಯಿಯ ಒಳಪದರ ಹೀಗೆ ಬೇಕಾದ ಪದರಗಳನ್ನು ಸೇರಿಸುವುದು. ಇದಕ್ಕೆ 1994ರಲ್ಲಿ ಪ್ರಿಬಾಜ್ ಮತ್ತು ಫೈನ್ ಪ್ರಿಲ್ಯಾಮಿನೇಶನ್ ಎಂದು ಬೇರೆ ಹೆಸರು ಕೊಟ್ಟರು. ಮುಂಗೈ ಚರ್ಮದ ಕೆಳಗೆ ಕಿವಿ ಬೆಳೆಸಿದ ಸುದ್ದಿ ನೀವು ಓದಿರಬಹುದು. 2018ರಲ್ಲಿ ಅಮೆರಿಕದ ಸೇನಾ ಆಸ್ಪತ್ರೆಯೊಂದು ಅಪಘಾತದಲ್ಲಿ ಕಿವಿ ಕಳೆದುಕೊಂಡ ಸೈನಿಕರೊಬ್ಬರಿಗೆ ಹಾಗೆ ಮಾಡಿತ್ತು. ಪಕ್ಕೆಲುಬಿನ ಕಾರ್ಟಿಲೆಜನ್ನು ಕಿವಿಯ ಆಕಾರಕ್ಕೆ ಕೆತ್ತಿ, ಮುಂಗೈಯಲ್ಲಿ ಹೂತು, ರಕ್ತ ಹಿಡಿದ ಮೇಲೆ ತಲೆಗೆ ಜೋಡಿಸಿದರು. ಅದು ಪ್ರಿಲ್ಯಾಮಿನೇಶನ್. ಅಲ್ಲಿ ಕಿವಿ ಗಿಡದಂತೆ ತಾನಾಗಿ ಬೆಳೆದದ್ದಲ್ಲ, ಕೆತ್ತಿದ ಕಿವಿಗೆ ಜೀವ ಕೂಡಿದ್ದು. ಸುದ್ದಿಯ ತಲೆಬರಹಗಳು ಈ ವ್ಯತ್ಯಾಸ ಹೇಳುವುದಿಲ್ಲ. ಇಂಥ ಚಿಕಿತ್ಸೆ ಬೇಕಾದವರಲ್ಲಿ ಅದು ಇಲ್ಲದ ಆಸೆ ಹುಟ್ಟಿಸುತ್ತದೆ.

ಕಾಯುವ ಅವಧಿಯೂ ಬೇರೆ ಬೇರೆ. ರಕ್ತ ಇರುವ ಜಾಗದಲ್ಲಿ ಪದರ ಸೇರಿಸಿದರೆ ಅದು ಹಿಡಿದುಕೊಳ್ಳಲು ಕೆಲವು ವಾರ ಸಾಕು. ಹೊಸ ನಾಳ ಹೂತರೆ ಸಾಮಾನ್ಯವಾಗಿ ಎಂಟು ವಾರವಾದರೂ ಬಿಡುತ್ತಾರೆ.

ಆ ಎಂಟು ವಾರದಲ್ಲಿ ಒಳಗೆ ಏನಾಗುತ್ತದೆ?

ಮುಖ, ಕುತ್ತಿಗೆ ಸುಟ್ಟ ಒಬ್ಬರನ್ನು ತೆಗೆದುಕೊಳ್ಳೋಣ. ಗಾಯದ ಕಲೆ ಬಿಗಿದು ಗದ್ದ ಎದೆಯ ಕಡೆಗೆ ಎಳೆದುಕೊಂಡಿದೆ. ಮುಖಕ್ಕೆ ಚೆನ್ನಾಗಿ ಹೊಂದುವ ಚರ್ಮ ಎಲ್ಲಿದೆ? ಕೊರಳಪಟ್ಟಿ ಮೂಳೆಯ ಸುತ್ತಮುತ್ತ, ಎದೆಯ ಮೇಲ್ಭಾಗದಲ್ಲಿ. ಆದರೆ ನಮಗೆ ಬೇಕಾದಷ್ಟು ದೊಡ್ಡ ತುಂಡನ್ನು ಬೇಕಾದಷ್ಟು ತೆಳ್ಳಗೆ ಎತ್ತಿದರೆ ಅದರ ತುದಿಯವರೆಗೂ ರಕ್ತ ಮುಟ್ಟುವ ಭರವಸೆ ಇಲ್ಲ.

ಮೊದಲ ಆಪರೇಷನ್ನಿನಲ್ಲಿ ತೊಡೆಯಿಂದ ಒಂದು ರಕ್ತನಾಳವನ್ನು ತೆಗೆಯುತ್ತಾರೆ. ಬರಿ ನಾಳವನ್ನಲ್ಲ, ಅದರ ಸುತ್ತ ಇರುವ ತೆಳು ಪೊರೆಯ ಸಮೇತ. ಈ ಪೊರೆ ತುಂಬ ಮುಖ್ಯ. ದೊಡ್ಡ ನಾಳದ ದಪ್ಪ ಗೋಡೆಯಿಂದ ಹೊಸ ಚಿಗುರು ಸುಲಭವಾಗಿ ಹೊರಡುವುದಿಲ್ಲ. ಪೊರೆಯಲ್ಲಿ ಹರಡಿರುವ ಸಣ್ಣ ಕವಲುಗಳಿಂದಲೇ ಚಿಗುರು ಬರಬೇಕು. ನಾಳದ ಬುಡವನ್ನು ಕುತ್ತಿಗೆಯ ನಾಳಗಳಿಗೆ ಮೈಕ್ರೋಸ್ಕೋಪಿನಡಿ ಹೊಲಿದು, ಪೊರೆಯನ್ನು ಎದೆಯ ಚರ್ಮದ ಕೆಳಗೆ ಹಾಸುತ್ತಾರೆ. ಅದರ ಕೆಳಗೆ ಎಕ್ಸ್‌ಪ್ಯಾಂಡರ್ ಎಂಬ ಸಿಲಿಕೋನ್ ಚೀಲ ಇಡುತ್ತಾರೆ. ಗಾಯ ಆರಿದ ಮೇಲೆ ಆ ಚೀಲಕ್ಕೆ ಆಗಾಗ ಸೂಜಿಯಿಂದ ಉಪ್ಪುನೀರಿನ ದ್ರಾವಣ ತುಂಬಿಸುತ್ತಾ ಹೋಗುತ್ತಾರೆ. ಚರ್ಮ ಹಿಗ್ಗುತ್ತದೆ, ತೆಳ್ಳಗಾಗುತ್ತದೆ, ಅದರಲ್ಲಿ ರಕ್ತನಾಳಗಳೂ ಹೆಚ್ಚುತ್ತವೆ.

ಒಳಗೆ ನಡೆಯುವುದು ಹೀಗೆ. ಕತ್ತರಿಸಿದ, ಬಿಡಿಸಿದ ಜಾಗದಲ್ಲಿ ಆಕ್ಸಿಜನ್ ಕಮ್ಮಿಯಾಗುತ್ತದೆ. ಆಕ್ಸಿಜನ್ ಸಾಲದ ಕೋಶಗಳು ವಿಇಜಿಎಫ್ ಎಂಬ ಪ್ರೊಟೀನ್ ಬಿಡುಗಡೆ ಮಾಡುತ್ತವೆ. ಹತ್ತಿರದ ಸೂಕ್ಷ್ಮ ನಾಳಗಳಿಗೆ ಅದು ಈ ಕಡೆ ಬನ್ನಿ ಎಂಬ ಕರೆ. ಪೊರೆಯ ನಾಳಗಳ ಗೋಡೆಯ ಕೋಶಗಳು ಆ ಕಡೆಗೆ ಚಿಗುರುತ್ತವೆ. ಮೇಲಿನ ಚರ್ಮದ ನಾಳಗಳೂ ಕೆಳಗೆ ಚಾಚುತ್ತವೆ. ಎರಡೂ ಕೂಡಿದಲ್ಲಿ ರಕ್ತ ಹರಿಯುತ್ತದೆ. ಹರಿದ ದಾರಿ ಅಗಲವಾಗುತ್ತದೆ, ಹರಿಯದ ದಾರಿ ಮುಚ್ಚಿಹೋಗುತ್ತದೆ. ಯಾವ ಸರ್ಜನ್ನನ ಕೈಯಿಂದಲೂ ಹೊಲಿಯಲಾಗದ ಕೂಡಿಕೆಗಳನ್ನು ದೇಹ ತಾನೇ ಹೆಣೆದುಕೊಳ್ಳುತ್ತದೆ. ಸರ್ಜನ್ ಮಾಡುವುದು ನಾಳವನ್ನು ಸರಿಯಾದ ಜಾಗದಲ್ಲಿ ಇಟ್ಟು ಬಿಡುವುದಷ್ಟೇ.

ಎರಡನೆಯ ಆಪರೇಷನ್ನಿನ ದಿನ ಎದೆಯ ಆ ಚರ್ಮವನ್ನು ಸುತ್ತಲೂ ಕತ್ತರಿಸುತ್ತಾರೆ. ಹೂತಿಟ್ಟ ನಾಳವೊಂದೇ ಅದರ ಆಧಾರ. ಎತ್ತುವ ಮೊದಲು ಇಂಡೊಸಯನಿನ್ ಗ್ರೀನ್ ಎಂಬ ಬಣ್ಣವನ್ನು ರಕ್ತಕ್ಕೆ ಕೊಟ್ಟು ವಿಶೇಷ ಕ್ಯಾಮೆರಾದಲ್ಲಿ ನೋಡಬಹುದು. ರಕ್ತ ಮುಟ್ಟಿದ ಭಾಗ ಹೊಳೆಯುತ್ತದೆ. ಹೊಳೆಯದ ಅಂಚನ್ನು ಬಿಟ್ಟು, ಉಳಿದದ್ದನ್ನು ಮುಖಕ್ಕೆ ತಿರುಗಿಸುತ್ತಾರೆ.

ಆಮೇಲಿನ ಎರಡು ಮೂರು ದಿನ ವಾರ್ಡಿನಲ್ಲಿ ಎಲ್ಲರ ಕಣ್ಣು ಆ ಚರ್ಮದ ಮೇಲೆ. ಇಂಥ ಫ್ಲ್ಯಾಪ್‌ಗಳು ಮೊದಲು ನೀಲಿಗಟ್ಟುವುದು ಸಾಮಾನ್ಯ. ರಕ್ತ ಒಳಗೆ ಬರುತ್ತಿದೆ, ಆದರೆ ಹೊರಗೆ ಹೋಗುವ ದಾರಿ ಇನ್ನೂ ಸಾಲದು. ಹೊಸದಾಗಿ ಹುಟ್ಟಿದ ಜಾಲದಲ್ಲಿ ವಾಪಸ್ ಹೋಗುವ ನಾಳಗಳದ್ದೇ ಕೊರತೆ. ನರ್ಸ್ ಬೆರಳಿಂದ ಒತ್ತಿ ಬಿಟ್ಟು ಬಣ್ಣ ಎಷ್ಟು ಬೇಗ ಮರಳುತ್ತದೆ ಎಂದು ಗಂಟೆ ಗಂಟೆಗೂ ನೋಡುತ್ತಾರೆ. ತಣ್ಣಗೆ, ಬಿಳಿಚಿಕೊಂಡು, ಬಣ್ಣ ಮರಳಲು ತಡವಾದರೆ ರಕ್ತ ಬರುತ್ತಿಲ್ಲ ಎಂದರ್ಥ. ಕಡುನೀಲಿಯಾಗಿ, ಉಬ್ಬಿ, ಒತ್ತಿದ ಕೂಡಲೇ ಬಣ್ಣ ಮರಳಿದರೆ ರಕ್ತ ಹೊರಗೆ ಹೋಗುತ್ತಿಲ್ಲ. ಸೂಜಿಯಲ್ಲಿ ಸ್ವಲ್ಪ ಚುಚ್ಚಿದರೆ ಕೆಂಪು ರಕ್ತ ಬರುತ್ತದೋ ಕಪ್ಪು ರಕ್ತ ಬರುತ್ತದೋ ಎಂಬುದೂ ಒಂದು ಗುರುತು. ಕಟ್ಟಿಕೊಂಡ ರಕ್ತ ಹೀರಿಸಲು ವೈದ್ಯಕೀಯ ಜಿಗಣೆಗಳನ್ನು ಬಿಡುವುದೂ ಉಂಟು. ಬಹಳಷ್ಟು ಸಲ ಒಂದೆರಡು ದಿನದಲ್ಲಿ ಬಣ್ಣ ತಿಳಿಯಾಗುತ್ತದೆ. ಆಗದಿದ್ದರೆ ಅಂಚು ಕಪ್ಪಾಗಿ ಉದುರುತ್ತದೆ.

ಹಲ್ಲಿನಿಂದ ಶುರುವಾಗುವ ದವಡೆ

ಈಗ ದವಡೆಗೆ ಬರೋಣ. ಫಿಬುಲಾದಿಂದ ಮಾಡಿದ ದವಡೆ ಬದುಕುತ್ತದೆ, ಗಟ್ಟಿಯಾಗಿರುತ್ತದೆ. ತೊಂದರೆ ಹಲ್ಲಿನ ಹತ್ತಿರ ಬರುತ್ತದೆ. ಫಿಬುಲಾದ ಜೊತೆ ಬರುವ ಕಾಲಿನ ಚರ್ಮ ದಪ್ಪ, ಸಡಿಲ. ಅದರಲ್ಲಿ ಕೂದಲೂ ಬೆಳೆಯಬಹುದು. ಕೃತಕ ಹಲ್ಲು ಹಿಡಿದಿಡಲು ಮೂಳೆಗೆ ಕೂರಿಸುವ ಲೋಹದ ತಿರುಪಿಗೆ ಇಂಪ್ಲಾಂಟ್ ಅನ್ನುತ್ತಾರೆ; ಅದರ ಸುತ್ತ ಇಂಥ ಚರ್ಮ ಇದ್ದರೆ ಕೊಳೆ ಸೇರಿ ಉರಿಯೂತ ಬರುತ್ತದೆ. ಮೂಳೆ ಕೂರಿಸಿದ ಕೋನ ತುಸು ತಪ್ಪಿದರೂ ಇಂಪ್ಲಾಂಟ್ ಇಡಲು ಜಾಗ ಸರಿಹೊಂದುವುದಿಲ್ಲ. ದವಡೆ ಇದ್ದೂ ಅಗಿಯಲಾಗದೆ ಗಂಜಿ ಕುಡಿಯುವ ಸ್ಥಿತಿ.

ಸ್ವಿಟ್ಜರ್‌ಲೆಂಡಿನ ಡೆನ್ನಿಸ್ ರೋನರ್ ಮತ್ತು ಜೊತೆಗಾರರು ಈ ಕ್ರಮವನ್ನೇ ತಿರುಗಿಸಿದರು. ಅವರ ಯೋಜನೆ ಹಲ್ಲಿನಿಂದ ಶುರುವಾಗುತ್ತದೆ. ಹಲ್ಲು ಎಲ್ಲಿ ಕೂರಬೇಕು? ಅದಕ್ಕೆ ಇಂಪ್ಲಾಂಟ್ ಎಲ್ಲಿರಬೇಕು? ಅದಕ್ಕೆ ಮೂಳೆ ಎಲ್ಲಿ, ಯಾವ ಕೋನದಲ್ಲಿ ಬಾಗಬೇಕು? ಇಷ್ಟನ್ನೂ ಸ್ಕ್ಯಾನ್ ಮತ್ತು ಮಾದರಿಗಳ ಮೇಲೆ ಮೊದಲೇ ಲೆಕ್ಕ ಹಾಕುತ್ತಾರೆ. ಮೊದಲ ಆಪರೇಷನ್ನಿನಲ್ಲಿ ಮೂಳೆಯನ್ನು ಕಾಲಿನಿಂದ ತೆಗೆಯುವುದೇ ಇಲ್ಲ. ಅಲ್ಲೇ ಫಿಬುಲಾದೊಳಗೆ ಹಲ್ಲಿನ ಇಂಪ್ಲಾಂಟುಗಳನ್ನು ಕೂರಿಸುತ್ತಾರೆ. ಅವುಗಳ ಸುತ್ತ ಮೂಳೆಯ ಮೇಲೆ ತೆಳ್ಳಗಿನ ಚರ್ಮದ ಗ್ರಾಫ್ಟ್ ಹಾಸಿ, ಅಕ್ಕಪಕ್ಕದ ಮಾಂಸಕ್ಕೆ ಅಂಟದಂತೆ ಗೋರ್‌ಟೆಕ್ಸ್ ಎಂಬ ಕೃತಕ ಹಾಳೆ ಮುಚ್ಚಿ, ಹೊಲಿದುಬಿಡುತ್ತಾರೆ.

ಸುಮಾರು ಆರು ವಾರ ಅಥವಾ ಇನ್ನೂ ಹೆಚ್ಚು ದಿನ ಕಳೆದ ಮೇಲೆ ಮತ್ತೆ ತೆರೆಯುತ್ತಾರೆ. ಅಷ್ಟರಲ್ಲಿ ಚರ್ಮ ಮೂಳೆಗೆ ಬಿಗಿಯಾಗಿ ಹಿಡಿದಿರುತ್ತದೆ, ಹಲ್ಲಿನ ಸುತ್ತ ಒಸಡು ಇರಬೇಕಾದಂತೆ. ಇಂಪ್ಲಾಂಟುಗಳೂ ಮೂಳೆಯಲ್ಲಿ ಬೆಸೆದಿರುತ್ತವೆ. ಮೂಳೆಯನ್ನು ಲೆಕ್ಕದ ಪ್ರಕಾರ ಕತ್ತರಿಸಿ, ಬಗ್ಗಿಸಿ, ಹಲ್ಲಿನ ಸೆಟ್ಟನ್ನು ಅದಕ್ಕೆ ಬಿಗಿಯುತ್ತಾರೆ. ಆ ಹೊತ್ತಿಗೂ ಅದು ಕಾಲಿನ ರಕ್ತನಾಳದಲ್ಲೇ ತೂಗುತ್ತಿರುತ್ತದೆ. ಕಾಲಿನಲ್ಲಿ ಹಲ್ಲಿನ ಸಾಲು ಸಮೇತ ಒಂದು ದವಡೆ! ಕೊನೆಗೆ ನಾಳ ಕತ್ತರಿಸಿ, ಬಾಯಿಗೆ ತಂದು, ಮೇಲಿನ ಹಲ್ಲಿಗೆ ಕೆಳಗಿನ ಹಲ್ಲು ಕಚ್ಚಿಸಿ ನೋಡುತ್ತಾರೆ. ಹಲ್ಲು ಸರಿಯಾಗಿ ಕಚ್ಚಿದರೆ ಮೂಳೆಯೂ ಸರಿಯಾದ ಜಾಗದಲ್ಲಿದೆ. ನಾಳಗಳನ್ನು ಕುತ್ತಿಗೆಯ ನಾಳಗಳಿಗೆ ಹೊಲಿಯುತ್ತಾರೆ.

ನನಗೆ ಈ ವಿಧಾನ ಬಹಳ ಇಷ್ಟ. ರೋಗಿಗೆ ಬೇಕಾದದ್ದು ಎಕ್ಸ್‌ರೇಯಲ್ಲಿ ಚಂದ ಕಾಣುವ ಮೂಳೆಯಲ್ಲ, ಊಟ ಮಾಡುವ ಬಾಯಿ. ಆ ಗುರಿಯಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಬಂದದ್ದು ಇದರ ಹೆಚ್ಚುಗಾರಿಕೆ.

ಮಾಂಸಖಂಡದಲ್ಲಿ ಮೂಳೆ

ಇರುವ ಮೂಳೆಯನ್ನು ಸಾಗಿಸುವುದು ಒಂದು. ಇಲ್ಲದ ಮೂಳೆಯನ್ನು ಬೆಳೆಸುವುದು ಇನ್ನೊಂದು. 1965ರಲ್ಲಿ ಮಾರ್ಷಲ್ ಯುರಿಸ್ಟ್ ಖನಿಜಾಂಶ ತೆಗೆದ ಮೂಳೆಯನ್ನು ಪ್ರಾಣಿಗಳ ಮಾಂಸಖಂಡದಲ್ಲಿ ಇಟ್ಟು ನೋಡಿದರು. ಅಲ್ಲಿ ಹೊಸ ಮೂಳೆ ಬೆಳೆಯಿತು. ಮೂಳೆಯೊಳಗಿನ ಕೆಲವು ಪ್ರೊಟೀನ್‌ಗಳು ಸುತ್ತಲಿನ ಕೋಶಗಳಿಗೆ ಮೂಳೆಯಾಗಿ ಎಂದು ಹೇಳುತ್ತವೆ. ಅವಕ್ಕೆ ಬಿಎಂಪಿ ಎಂಬ ಹೆಸರಾಯಿತು. ರಕ್ತ ಸಮೃದ್ಧವಾಗಿರುವ ಮಾಂಸಖಂಡದಲ್ಲಿ ಮೂಳೆ ಬೆಳೆಸಬಹುದು ಎಂಬುದು ಖಚಿತವಾಯಿತು.

2004ರಲ್ಲಿ ಜರ್ಮನಿಯ ಕೀಲ್ ನಗರದ ಪ್ಯಾಟ್ರಿಕ್ ವಾರ್ನ್ಕೆ ಮತ್ತು ತಂಡ ಇದನ್ನು ಮನುಷ್ಯನಲ್ಲಿ ಮಾಡಿದ್ದನ್ನು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿತು. ರೋಗಿಗೆ 56 ವರ್ಷ. ಎಂಟು ವರ್ಷ ಹಿಂದೆ ಕ್ಯಾನ್ಸರಿನಿಂದ ಕೆಳದವಡೆಯ ದೊಡ್ಡ ಭಾಗ ಹೋಗಿತ್ತು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ತೆಗೆದುಕೊಳ್ಳುತ್ತಿದ್ದರು, ಆದ್ದರಿಂದ ಬೇರೆ ಕಡೆಯಿಂದ ಮೂಳೆ ಕತ್ತರಿಸಿದರೆ ರಕ್ತಸ್ರಾವದ ಭಯ. ತಂಡ ಸ್ಕ್ಯಾನ್ ಆಧರಿಸಿ ದವಡೆಯ ಆಕಾರದ ಟೈಟಾನಿಯಂ ಜಾಲರಿ ಮಾಡಿಸಿತು. ಅದರೊಳಗೆ ಮೂಳೆಯ ಖನಿಜದ ತುಂಡುಗಳು, 7 ಮಿಲಿಗ್ರಾಂ ಬಿಎಂಪಿ-7, ರೋಗಿಯದೇ 20 ಮಿಲಿಲೀಟರ್ ಅಸ್ಥಿಮಜ್ಜೆ. ಇದನ್ನು ಬೆನ್ನಿನ ದೊಡ್ಡ ಮಾಂಸಖಂಡದೊಳಗೆ ಹೂತರು. ಏಳು ವಾರದ ಬಳಿಕ ಮಾಂಸಖಂಡದ ಒಂದು ಭಾಗ ಮತ್ತು ಅದರ ರಕ್ತನಾಳದ ಸಮೇತ ತೆಗೆದು ದವಡೆಯ ಜಾಗಕ್ಕೆ ಜೋಡಿಸಿದರು. ಒಳಗೆ ಮೂಳೆ ಕಟ್ಟಿಕೊಳ್ಳುತ್ತಿರುವುದು ಸ್ಕ್ಯಾನ್‌ಗಳಲ್ಲಿ ಕಂಡಿತು. ಎಷ್ಟೋ ವರ್ಷಗಳ ನಂತರ ಅವರು ಗಟ್ಟಿ ಆಹಾರ ತಿಂದರು.

2009ರಲ್ಲಿ ಫಿನ್ಲೆಂಡಿನ ತಂಡವೊಂದು ಮೇಲ್ದವಡೆಗೆ ಇಂಥದ್ದೇ ಕೆಲಸ ಮಾಡಿದ್ದನ್ನು ವರದಿ ಮಾಡಿತು. ಅಲ್ಲಿ ರೋಗಿಯ ಕೊಬ್ಬಿನಿಂದ ಪಡೆದ ಕಾಂಡಕೋಶಗಳನ್ನು, ಅಂದರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಕೋಶಗಳನ್ನು, ಬಳಸಿದರು, ಹೊಟ್ಟೆಯ ಮಾಂಸಖಂಡದಲ್ಲಿ ಎಂಟು ತಿಂಗಳು ಇಟ್ಟರು. ಈ ಕ್ಷೇತ್ರದವರು ರೋಗಿಯ ದೇಹವನ್ನೇ ಬಯೋರಿಯಾಕ್ಟರ್, ಅಂದರೆ ಕೋಶ ಬೆಳೆಸುವ ಪಾತ್ರೆ, ಅನ್ನುತ್ತಾರೆ. ಕುರಿಗಳಲ್ಲಿ ಪಕ್ಕೆಲುಬಿನ ಮೇಲಿನ ಪೊರೆಗೆ ತಾಗುವಂತೆ ಒಂದು ಅಚ್ಚು ಇಟ್ಟು, ಅದರಲ್ಲಿ ಬೇಕಾದ ಆಕಾರದ ಮೂಳೆ ಬೆಳೆಸುವ ಪ್ರಯೋಗಗಳೂ ನಡೆದಿವೆ. ರಕ್ತ ತರುವ ನಾಳಕ್ಕೂ ಒಯ್ಯುವ ನಾಳಕ್ಕೂ ನಡುವೆ ನಾಳದ ಒಂದು ಕುಣಿಕೆ ಹೊಲಿದು, ಅದನ್ನು ಮೂಳೆಯ ಪದಾರ್ಥದ ನಡುವೆ ಇಡುವುದು ಇನ್ನೊಂದು ದಾರಿ. ರಭಸದ ಹರಿವಿಗೆ ಆ ಕುಣಿಕೆಯಿಂದ ಎಲ್ಲ ಕಡೆಗೂ ಹೊಸ ನಾಳಗಳು ಚಿಗುರುತ್ತವೆ. ಜರ್ಮನಿಯ ಎರ್ಲಾಂಗೆನ್‌ನಲ್ಲಿ ಇದನ್ನು ಕೆಲವು ರೋಗಿಗಳಲ್ಲೂ ಬಳಸಿದ್ದಾರೆ.

ಇದಕ್ಕೆ ಹತ್ತಿರದ, ಆದರೆ ಬಹಳ ಸರಳವಾದ ಒಂದು ವಿಧಾನ ಮೂಳೆ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಫ್ರಾನ್ಸಿನ ಮಾಸ್ಕಲೇ ರೂಪಿಸಿದ್ದು. ಮೂಳೆ ಹೋದ ಜಾಗದಲ್ಲಿ ಮೂಳೆ ಆಪರೇಷನ್ನಿಗೆಂದೇ ಇರುವ ಸಿಮೆಂಟಿನ ಉಂಡೆ ಇಟ್ಟು ಆರರಿಂದ ಎಂಟು ವಾರ ಬಿಡುತ್ತಾರೆ. ಅದರ ಸುತ್ತ ದೇಹ ಒಂದು ಪೊರೆ ಕಟ್ಟುತ್ತದೆ. ಆ ಪೊರೆಯಲ್ಲಿ ರಕ್ತನಾಳಗಳೂ ಇರುತ್ತವೆ, ಮೂಳೆ ಬೆಳೆಸುವ ಪ್ರೊಟೀನ್‌ಗಳೂ ಇರುತ್ತವೆ. ಸಿಮೆಂಟ್ ತೆಗೆದು ಆ ಚೀಲದಲ್ಲಿ ಮೂಳೆಯ ಚೂರು ತುಂಬಿದರೆ ಉದ್ದದ ಅಂತರವೂ ಕೂಡಿಕೊಳ್ಳುತ್ತದೆ. ಇಲ್ಲಿ ಮೊದಲೇ ಸಿದ್ಧವಾಗುವುದು ಮೂಳೆಯಲ್ಲ, ಮೂಳೆ ಕೂರುವ ಜಾಗ.

ರಕ್ತವನ್ನು ಮರೆತರೆ

ಶ್ವಾಸನಾಳದ ಎರಡು ಕತೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಎಲ್ಲ ಅರ್ಥವಾಗುತ್ತದೆ. ಬೆಲ್ಜಿಯಂನ ಲ್ಯೂವೆನ್‌ನಲ್ಲಿ ಪಿಯರ್ ಡೆಲಾರೆ ದಾನಿಯೊಬ್ಬರ ಶ್ವಾಸನಾಳವನ್ನು ರೋಗಿಯ ಮುಂಗೈಯಲ್ಲಿ, ರಕ್ತ ತುಂಬಿದ ಪೊರೆಯಲ್ಲಿ ಸುತ್ತಿ ಇಟ್ಟರು. ತಿಂಗಳುಗಟ್ಟಲೆ ಕಾದರು. ರೋಗಿಯದೇ ಬಾಯಿಯ ಒಳಪದರವನ್ನು ಅದರೊಳಗೆ ಹಾಸಿದರು. ರಕ್ತ ಹಿಡಿದ ಮೇಲೆ ಮುಂಗೈಯ ನಾಳದ ಸಮೇತ ಗಂಟಲಿಗೆ ಸಾಗಿಸಿದರು. ದೇಹ ತಿರಸ್ಕರಿಸದಂತೆ ಕೊಡುವ ಔಷಧವನ್ನೂ ಆಮೇಲೆ ನಿಲ್ಲಿಸಲು ಆಯಿತು. 2010ರಲ್ಲಿ ಅದು ಪ್ರಕಟವಾಯಿತು.

ಅದೇ ಹೊತ್ತಿಗೆ ಪಾವೊಲೊ ಮಕಿಯಾರಿನಿ ಸ್ವೀಡನ್ನಿನಲ್ಲಿ ಪ್ಲಾಸ್ಟಿಕ್ ಶ್ವಾಸನಾಳಕ್ಕೆ ಕಾಂಡಕೋಶ ಲೇಪಿಸಿ ನೇರವಾಗಿ ಗಂಟಲಿಗೆ ಹಾಕಿದರು. 2011ರಲ್ಲಿ ಜಗತ್ತೆಲ್ಲ ಅದನ್ನು ಕೊಂಡಾಡಿತು. ಆ ಕೊಳವೆಗೆ ರಕ್ತದ ದಾರಿಯೇ ಇರಲಿಲ್ಲ. ರೋಗಿಗಳು ನರಳಿದರು, ಸತ್ತರು. 2023ರಲ್ಲಿ ಸ್ವೀಡನ್ನಿನ ಮೇಲ್ಮನವಿ ನ್ಯಾಯಾಲಯ ಅವರಿಗೆ ಎರಡೂವರೆ ವರ್ಷ ಸೆರೆವಾಸ ವಿಧಿಸಿತು. ಇದು ಆಗದ ಕೆಲಸ ಎಂದು ಮೊದಲಿನಿಂದಲೂ ಕೂಗಿ ಹೇಳಿದವರಲ್ಲಿ ಡೆಲಾರೆ ಒಬ್ಬರು. ಅವರ ಮಾತನ್ನು ಆಗಲೇ ಕೇಳಿದ್ದರೆ ಕೆಲವು ಜೀವಗಳಾದರೂ ಇಷ್ಟು ನರಳುತ್ತಿರಲಿಲ್ಲ ಎಂದು ನೆನೆದರೆ ಸಂಕಟವಾಗುತ್ತದೆ.

ಇಷ್ಟಿದ್ದೂ ಯಾಕೆ ಎಲ್ಲರಿಗೂ ಇಲ್ಲ?

ಮುಖ್ಯ ಕಾರಣ ಸಮಯ. ಬಾಯಿಯ ಕ್ಯಾನ್ಸರ್ ಎರಡು ತಿಂಗಳು ಕಾಯುವುದಿಲ್ಲ. ಗಡ್ಡೆ ತೆಗೆದ ದಿನವೇ ಜಾಗ ಮುಚ್ಚಬೇಕು, ವಾರಗಳಲ್ಲಿ ರೇಡಿಯೇಷನ್ ಶುರುವಾಗಬೇಕು. ಅಲ್ಲಿ ಸಾಮಾನ್ಯ ಫ್ಲ್ಯಾಪೇ ಸರಿ. ಮೊದಲೇ ಸಿದ್ಧ ಮಾಡುವ ವಿಧಾನ ಒದಗುವುದು ಕ್ಯಾನ್ಸರ್ ಅಲ್ಲದ ಗಡ್ಡೆಗಳಿಗೆ, ಹಳೆಯ ಸುಟ್ಟ ಗಾಯಗಳಿಗೆ, ಅಪಘಾತ ಮತ್ತು ಗುಂಡೇಟಿನ ಹಾನಿಗೆ, ಕ್ಯಾನ್ಸರ್ ಗುಣವಾಗಿ ವರ್ಷಗಳಾದ ಮೇಲೆ ಮಾಡುವ ಎರಡನೆಯ ರಿಪೇರಿಗೆ.

ಬಿಎಂಪಿಯಂಥ ಬೆಳವಣಿಗೆ ಪ್ರೊಟೀನ್‌ಗಳನ್ನು ಕ್ಯಾನ್ಸರ್ ಇದ್ದ ಜಾಗದ ಹತ್ತಿರ ಬಳಸಲು ವೈದ್ಯರು ಹಿಂಜರಿಯುತ್ತಾರೆ, ಅದು ನ್ಯಾಯವೂ ಹೌದು. ಬೇರೆ ತೊಂದರೆಗಳೂ ಉಂಟು. ಕುತ್ತಿಗೆಯ ಬೆನ್ನುಮೂಳೆಗೆ ಬಳಸಿದಾಗ ಗಂಟಲು ಊದಿಕೊಂಡು ಉಸಿರಿಗೇ ತೊಂದರೆಯಾದ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲಿ ಎಚ್ಚರಿಸಿತ್ತು. ಇನ್ನು ಆಪರೇಷನ್ ಒಂದಲ್ಲ, ಎರಡು ಮೂರು. ಪ್ರತಿ ಸಲವೂ ಅರಿವಳಿಕೆ, ಪ್ರತಿ ಸಲವೂ ಸೋಂಕಿನ ಭಯ, ಹೊಸದೊಂದು ಜಾಗದಲ್ಲಿ ಕಲೆ. ಹೂತ ನಾಳದ ಬುಡದಲ್ಲಿ ಗಾಯದ ಕಲೆ ಬಿಗಿದುಕೊಂಡರೆ ಎರಡನೆಯ ಸಲ ಬಿಡಿಸುವಾಗ ನಾಳವೇ ಹರಿಯಬಹುದು. ಅದಕ್ಕೇ ಅದನ್ನು ಮೊದಲೇ ಸಿಲಿಕೋನ್ ಅಥವಾ ಗೋರ್‌ಟೆಕ್ಸ್ ಹಾಳೆಯಲ್ಲಿ ಸುತ್ತಿಡುವುದು. ಬೆಳೆಸಿದ ಮೂಳೆಯ ಕತೆಗಳು ಇನ್ನೂ ಬೆರಳೆಣಿಕೆಯ ರೋಗಿಗಳದ್ದು. ಅದನ್ನು ದಿನನಿತ್ಯದ ಚಿಕಿತ್ಸೆ ಎಂದು ಯಾರಾದರೂ ನಿಮಗೆ ಹೇಳಿದರೆ ನಂಬಬೇಡಿ.

ನಿಮಗೋ ನಿಮ್ಮವರಿಗೋ ಇಂಥ ಎರಡು ಹಂತದ ಆಪರೇಷನ್ ಹೇಳಿದರೆ ಸಂಕೋಚವಿಲ್ಲದೆ ಕೇಳಿ. ಒಂದೇ ಹಂತದ ಮಾಮೂಲಿ ಫ್ಲ್ಯಾಪ್ ಯಾಕೆ ಸಾಲದು? ನಡುವಿನ ವಾರಗಳಲ್ಲಿ ಊಟ, ಉಸಿರು, ಗಾಯದ ಆರೈಕೆ ಹೇಗೆ? ಎರಡನೆಯ ಆಪರೇಷನ್ನಿನ ದಿನ ರಕ್ತ ಸಾಲದಿದ್ದರೆ ಮುಂದಿನ ದಾರಿ ಯಾವುದು? ಈ ತಂಡ ಇದನ್ನು ಹಿಂದೆ ಮಾಡಿದೆಯಾ? ಒಳ್ಳೆಯ ಸರ್ಜನ್ ಈ ಪ್ರಶ್ನೆಗಳಿಗೆ ಬೇಸರ ಮಾಡಿಕೊಳ್ಳುವುದಿಲ್ಲ. ಅವರೂ ನಿಮಗೆ ಒಂದು ಪ್ರಶ್ನೆ ಕೇಳುತ್ತಾರೆ: ಬೀಡಿ, ಸಿಗರೇಟು, ತಂಬಾಕು ಇದೆಯಾ? ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿದು ಕಿರಿದಾಗಿಸುತ್ತದೆ. ಹೊಸ ನಾಳಗಳು ಚಿಗುರಬೇಕಾದ ವಾರಗಳಲ್ಲಿ ಅದು ದೇಹದೊಳಗೆ ಇರಕೂಡದು. ಮೊದಲ ಆಪರೇಷನ್ನಿಗೆ ಕೆಲವು ವಾರ ಮುಂಚೆಯೇ ಬಿಡಿ ಎಂದು ಅವರು ಹಟ ಹಿಡಿಯುವುದು ಆ ಕಾರಣಕ್ಕೆ.